ಕ್ರೆಸ್ಟನ್ ಕಸ್ಟಮ್, ಪರದೆ ಬೇಡ

ಬೈರಸಂದ್ರದ ಬೈರಣ್ಣ ಮೋಟಾರು ಕಾರು ಕೊಳ್ಳುತ್ತಾನಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಅವನಿಗೆ ದುಡ್ಡಿನ ಪಿತ್ತ ನೆತ್ತಿಗೇರಿದೆ ಎಂದು ಊರು ತೀರ್ಮಾನ ಮಾಡಿಬಿಟ್ಟಿತು. ಐವತ್ತೆರಡನೇ ಇಸವಿಯ ಮಾತು. ಜಯನಗರದ ಬಡಾವಣೆಗೆಂದು ಅವನ ಹನ್ನೆರಡು ಎಕರೆ ರಾಗಿ ಹೊಲ ಹೋಗಿ, ಪರಿಹಾರದ ಹಣ ಕೈಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹೊಲವೇ ಇಲ್ಲದ ಮೇಲೆ ಎತ್ತು ಯಾಕೆ ಎಂದು ಎತ್ತು, ಗಾಡಿ ಎರಡನ್ನೂ ಮಾರಿದ್ದ. ಈಗ ಕಾರು! ಊರಿನವರು ಆಡಿಕೊಳ್ಳದೆ ಇನ್ನೇನು ಮಾಡಿಯಾರು?

ಆದರೆ ಕಾರಣ ಅವರು ತಿಳಿದದ್ದಲ್ಲ. ಕಾರಣ ಬೈರಣ್ಣನ ಹೆಂಡತಿ ಅಕ್ಕಯಮ್ಮ. ಅವಳಿಗೆ ಮೋಟಾರು ಅಂದರೆ ಆಗುತ್ತಿರಲಿಲ್ಲ. ಬಸ್ಸು ಹತ್ತಿ ಕೂತು ಹತ್ತು ನಿಮಿಷಕ್ಕೆ ತಲೆ ತಿರುಗಿ, ಹೊಟ್ಟೆ ತೊಳೆಸಿ, ಉಂಡದ್ದೆಲ್ಲ ಹೊರಗೆ ಬರಬೇಕು. ಅವರ ಒಬ್ಬಳೇ ಮಗಳು ಅಮ್ಮಣ್ಣಿಯನ್ನು ಕೊಟ್ಟದ್ದು ಕೊಳ್ಳೇಗಾಲಕ್ಕೆ, ರೇಷ್ಮೆ ವ್ಯಾಪಾರದವರ ಮನೆಗೆ. ಆ ಊರು ಆಗ ಇನ್ನೂ ಮದರಾಸು ರಾಜ್ಯಕ್ಕೆ ಸೇರಿತ್ತು; ರೈಲಿಲ್ಲ, ಬಸ್ಸೇ ಗತಿ. ಮದುವೆಯಾದ ಹೊಸತರಲ್ಲಿ ಒಂದು ಸಲ ಅಕ್ಕಯಮ್ಮ ಧೈರ್ಯ ಮಾಡಿ ಹೊರಟಿದ್ದಳು. ತಲಘಟ್ಟಪುರ ದಾಟುವಷ್ಟರಲ್ಲಿ ಬಸ್ಸು ನಿಲ್ಲಿಸಿ, ಹುಣಸೇಮರದ ಕೆಳಗೆ ಎರಡು ಗಂಟೆ ಮಲಗಿದ್ದು, ಮನೆಗೆ ನಡೆದುಕೊಂಡೇ ವಾಪಸು ಬಂದಳು. ಮಗಳ ಮನೆಯ ಹೊಸ್ತಿಲು ಹೇಗಿದೆ ಎಂದು ಐದು ವರ್ಷವಾದರೂ ಅವಳು ಕಂಡಿರಲಿಲ್ಲ.

ಅಮ್ಮಣ್ಣಿಯ ಮೊದಲ ಹೆರಿಗೆ ತವರಿನಲ್ಲೇ ಆಯಿತು. ಮಗು ಉಳಿಯಲಿಲ್ಲ. ಈಗ ಎರಡನೆಯದು, ಕಾರ್ತಿಕ ಮಾಸಕ್ಕೆ. ಕಾಲು ಊದಿಕೊಂಡಿದೆ, ಈ ಸಲ ಪ್ರಯಾಣ ಕೂಡದು ಎಂದು ಅಲ್ಲಿನ ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಶ್ರಾವಣದಲ್ಲಿ ಬಂದ ಕಾಗದದ ಕೊನೆಗೆ ಅಮ್ಮಣ್ಣಿ, ನನಗೆ ಭಯವಾಗುತ್ತದೆ, ಅವ್ವ ಹೇಗಾದರೂ ಮಾಡಿ ಬರಲಿ ಎಂದು ಬರೆದಿದ್ದಳು. ಆ ಸಾಲನ್ನು ಓದಿ ಹೇಳಿದ ಬೈರಣ್ಣನಿಗೆ ಹೆಂಡತಿಯ ಮುಖ ನೋಡಲಾಗಲಿಲ್ಲ. ಮಾರನೆಯ ದಿನವೇ ಜರಿ ಪೇಟ ಸುತ್ತಿ, ಕೋಟು ತೊಟ್ಟು ಬೆಂಗಳೂರಿನ ದಂಡಿನ ಕಡೆ, ಕಂಟೋನ್ಮೆಂಟಿಗೆ, ಹೊರಟ.

ಅಲ್ಲಿ ವಿಟ್ಲಿ ಕಂಪನಿ ಎಂಬ ಮೋಟಾರು ಅಂಗಡಿಯಲ್ಲಿ ಕ್ರೆಸ್ಟನ್ ಎಂಬ ವಿಲಾಯಿತಿ ಕಾರು ಮಾರುತ್ತಿದ್ದರು. ಮಾರುವ ಹುಡುಗ ಚಕ್ರಪಾಣಿ, ಹನುಮಂತನಗರದವನು, ಬಿ.ಎ. ಪಾಸು. ಹುಡುಗನೇನೋ ಬುದ್ಧಿವಂತ, ಆದರೆ ಬಾಯಿ ತೆರೆದರೆ ಕ್ಯಾಟಲಾಗು. ಕ್ರೆಸ್ಟನ್‌ನಲ್ಲಿ ಮೂರು ದರ್ಜೆ ಎಂದು ಶುರುಮಾಡಿದ. ಸ್ಟ್ಯಾಂಡರ್ಡ್ ಹದಿನಾರು ಸಾವಿರದ ಎಂಟುನೂರು. ಡಿಲಕ್ಸ್ ಹತ್ತೊಂಬತ್ತು ಸಾವಿರದ ಐನೂರು. ಕಸ್ಟಮ್ ಇಪ್ಪತ್ಮೂರು ಸಾವಿರದ ನಾನೂರು. ಮೂರಕ್ಕೂ ಎಂಟು ಸಿಲಿಂಡರಿನ ಇಂಜಿನ್ನು, ಆದರೆ ಕಸ್ಟಮ್‌ನದು ನೂರಿಪ್ಪತ್ತು ಕುದುರೆಯ ಶಕ್ತಿ, ಗಂಟೆಗೆ ತೊಂಬತ್ತೈದು ಮೈಲಿ ಓಡುತ್ತದೆ. ಇದರ ಮೇಲೆ ರೇಡಿಯೋಗೆ ಆರುನೂರ ಇಪ್ಪತ್ತು, ಚರ್ಮದ ಸೀಟಿಗೆ ಒಂಬೈನೂರು, ಬಿಳಿ ಅಂಚಿನ ಟೈರಿಗೆ ಇನ್ನೂರ ನಲವತ್ತು. ಇವೆಲ್ಲ ಬೇಕಾದವರು ಹಾಕಿಸಿಕೊಳ್ಳಬಹುದು, ಬೇಡದವರು ಬಿಡಬಹುದು.

ಬೈರಣ್ಣ ಎಲ್ಲ ಕೇಳಿಸಿಕೊಂಡು, "ಆ ಕುದುರೆಗಳು ಹೊಟ್ಟೆಗೆ ಗೊತ್ತಾಗ್ತವಾ?" ಎಂದ.

ಚಕ್ರಪಾಣಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಹೆಂಡತಿಗೆ ವಾಂತಿ ಬರುತ್ತದೆ ಎಂದು ಗುರುತಿಲ್ಲದ ಹುಡುಗನ ಮುಂದೆ ಹೇಗೆ ಹೇಳುವುದು? ಬೈರಣ್ಣ ಅದನ್ನು ಬಿಟ್ಟು ಬೇರೆಲ್ಲ ಕೇಳಿದ. ಬಾಗಿಲು ತೆಗೆಸಿ ಸೀಟಿಗೆ ಮೂಗು ಹಚ್ಚಿ ಮೂಸಿದ. ಹಿಂದಿನ ಸೀಟಿನಲ್ಲಿ ಕೂತು ಮೂರು ಸಲ ಕುಪ್ಪಳಿಸಿದ. ಗಾಜು ಎಷ್ಟು ಕೆಳಗಿಳಿಯುತ್ತದೆ ಎಂದು ಗೇಣಿನಲ್ಲಿ ಅಳೆದ. ಲಕ್ಷಾಧಿಪತಿಗಳನ್ನು, ಪ್ಲಾಂಟರುಗಳನ್ನು ಕಂಡಿದ್ದ ಚಕ್ರಪಾಣಿ ಕಾರನ್ನು ಮೂಸುವ ಗಿರಾಕಿಯನ್ನು ಕಂಡಿರಲಿಲ್ಲ. ಕೊನೆಗೆ, ಮನೆಯವರನ್ನೂ ಕೂರಿಸಿಕೊಂಡು ಒಂದು ಸುತ್ತು ನೋಡಿಬಿಡಿ ಎಂದು ತಾನೇ ಹೇಳಿದ. ಬೈರಣ್ಣನಿಗೆ ಬೇಕಾದ್ದೂ ಅದೇ.

ಬುಧವಾರ ಬೆಳಿಗ್ಗೆ ಸ್ಟ್ಯಾಂಡರ್ಡ್ ಗಾಡಿ ಬೈರಸಂದ್ರಕ್ಕೆ ಬಂತು. ಓಡಿಸಿಕೊಂಡು ಬಂದವನು ಕಂಪನಿಯ ಡ್ರೈವರ್ ಬೋರಣ್ಣ, ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಿದವನು. ಮಾತು ಬಲು ಕಡಿಮೆ. ಅಕ್ಕಯಮ್ಮ ಹೊಸ ಸೀರೆ ಉಟ್ಟು, ಸೆರಗು ಹೊದ್ದು, ಹಿಂದಿನ ಸೀಟಿನಲ್ಲಿ ದೇವರನ್ನು ನೆನೆಯುತ್ತ ಕೂತಳು. ಬೈರಣ್ಣ ಮುಂದೆ ಡ್ರೈವರ್ ಪಕ್ಕ ಕೂತ. ದೊಡ್ಡ ಮನೆಯ ಯಜಮಾನರು ಹಾಗೇ ಕೂರುವುದು, ಹೆಂಗಸರು ಹಿಂದೆ. ಎಡಿಯೂರು ಕೆರೆಯ ಏರಿ ಮುಟ್ಟುವುದರೊಳಗೆ ಅಕ್ಕಯಮ್ಮ ಬಾಗಿಲು ಬಡಿದಳು. ಬೋರಣ್ಣ ಗಾಡಿ ನಿಲ್ಲಿಸಿ, ಮುಖ ಆ ಕಡೆ ತಿರುಗಿಸಿ ನಿಂತ. ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದವರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಅವಳು ನಾಚಿಕೆಯಿಂದ ಹಿಡಿಯಷ್ಟಾಗಿ ಹೋದಳು.

ಬೈರಣ್ಣ ಸೋಲಲಿಲ್ಲ. ಕಡಿಮೆ ದುಡ್ಡಿನ ಗಾಡಿ, ಅದಕ್ಕೇ ಹೀಗೆ ಎಂದ. ಡಿಲಕ್ಸ್ ತರಿಸಿದ. ಜನ ನೋಡುತ್ತಾರಲ್ಲ, ಬಿಸಿಲೂ ಬೀಳುತ್ತದಲ್ಲ ಎಂದು ಹಿಂದಿನ ಕಿಟಕಿಗಳಿಗೆ ಪರದೆ ಬೇಕೆಂದ. ನೀಲಿ ಮಖಮಲ್ಲು, ನೂರಹತ್ತು ರೂಪಾಯಿ. ಪೆಟ್ರೋಲು ವಾಸನೆ ಒಳಗೆ ಬಾರದ ಹಾಗೆ ಗಾಜೆಲ್ಲ ಏರಿಸಿದ. ಅದೂ ಸಾಲದೆ ಸೀಟಿಗೆ ಪನ್ನೀರು ಚಿಮುಕಿಸಿ, ಮುಂದೆ ಊದುಬತ್ತಿ ಸಿಕ್ಕಿಸಿದ. ಪ್ರೀತಿ ಇದ್ದವನಿಗೆ ಬುದ್ಧಿಯೂ ಇರಬೇಕೆಂದು ಎಲ್ಲಿ ಬರೆದಿದೆ? ಪಾಪ, ಆ ಹೆಂಗಸು ಕತ್ತಲಲ್ಲಿ, ಹೊಗೆಯಲ್ಲಿ, ಎತ್ತ ಹೋಗುತ್ತಿದ್ದೇವೆ ಎಂದೂ ತಿಳಿಯದೆ ತೂಗಾಡಿದಳು. ಈ ಸಲ ಎಡಿಯೂರು ಕೆರೆಯವರೆಗೂ ಹೋಗಲಾಗಲಿಲ್ಲ.

ಅಂದು ಸಂಜೆ ಬೈರಣ್ಣ ಚಕ್ರಪಾಣಿಯ ಎದುರು ಕೂತು, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಎಲ್ಲವನ್ನೂ ಹೇಳಿದ. ಬಸ್ಸು, ಹುಣಸೇಮರ, ಸತ್ತ ಮಗು, ಕಾಗದದ ಕೊನೆಯ ಸಾಲು. ಚಕ್ರಪಾಣಿಯ ಮನಸ್ಸು ಕರಗಿತು. ಮೊದಲೇ ಹೇಳಿದ್ದರೆ ಕುದುರೆ ಶಕ್ತಿಯ ವಿಷಯ ಎತ್ತುತ್ತಲೇ ಇರಲಿಲ್ಲ ಎಂದ. ಕ್ಯಾಟಲಾಗು ತೆರೆದು ಹುಡುಕಿದ. ಕಸ್ಟಮ್ ದರ್ಜೆಯ ಸ್ಪ್ರಿಂಗು ಮೆತ್ತಗೆ ಎಂದು ಬರೆದಿತ್ತು. ಇನ್ನೊಂದು ವಿಶೇಷ: ಅದಕ್ಕೆ ಕ್ಲಚ್ಚೇ ಇಲ್ಲ, ಗೇರು ತಾನಾಗಿ ಬದಲಾಗುತ್ತದೆ, ಹಾಗಾಗಿ ಜಗ್ಗಾಟ ಕಡಿಮೆ. ಕಸ್ಟಮ್ ಬೆಲೆಯೊಳಗೆ ಆ ಗೇರಿನ ಬಾಬತ್ತೇ ಸಾವಿರದ ನಾನೂರು.

ಗೇರು ತಾನಾಗಿ ಬೀಳುವುದಾದರೆ ಡ್ರೈವರಿಗೆ ಸಂಬಳ ಯಾತಕ್ಕೆ ಎಂದು ಬೈರಣ್ಣ ಗೊಣಗಿದ. ಆದರೂ, ಆಗಲಿ, ಅದನ್ನೇ ತನ್ನಿ ಎಂದ. ಚರ್ಮದ ಸೀಟು, ಪರದೆ, ಬಿಳಿ ಅಂಚಿನ ಟೈರು, ರೇಡಿಯೋ, ಎಲ್ಲ ಬರೆಸಿದ. ಯಾವುದರಲ್ಲಿ ಅವಳ ಹೊಟ್ಟೆಗೆ ಸಮಾಧಾನ ಇದೆಯೋ ಯಾರು ಬಲ್ಲರು, ಒಂದನ್ನೂ ಬಿಡುವುದು ಬೇಡ ಎಂಬುದು ಅವನ ಲೆಕ್ಕ. ಒಟ್ಟು ಇಪ್ಪತ್ತೈದು ಸಾವಿರ ದಾಟಿತು. ಆದರೆ ಅವನಿಗೆ ಆ ಹೊತ್ತಿನಲ್ಲೂ ಒಂದು ಆಸೆ ಕಣ್ಣ ಮುಂದೆ ನಿಂತಿತ್ತು, ಸುಳ್ಳು ಯಾಕೆ ಹೇಳಬೇಕು: ಅಂಥ ಕಾರಿನ ಮುಂದಿನ ಸೀಟಿನಲ್ಲಿ ತಾನು ಪೇಟ ಕಟ್ಟಿ, ಹಿಂದೆ ಪರದೆಯೊಳಗೆ ಅಕ್ಕಯಮ್ಮ, ಊರ ಬೀದಿಯಲ್ಲಿ ಅಮಲ್ದಾರರ ಹಾಗೆ ಹಾದುಹೋಗುವುದು. ನೋಡಿದವರು ಎದ್ದು ನಿಲ್ಲಬೇಕು. ಹೊಲ ಹೋದ ಮೇಲೆ ಅವನನ್ನು ಕಂಡು ಯಾರೂ ಎದ್ದು ನಿಂತಿರಲಿಲ್ಲ.

ಟೈರು, ರೇಡಿಯೋ ಹಾಕುವುದಕ್ಕೆ ಮೊದಲು ಕಸ್ಟಮ್ ಗಾಡಿಯನ್ನು ಒಂದು ಸಲ ಓಡಿಸಿ ನೋಡೋಣ ಎಂದ ಚಕ್ರಪಾಣಿ ತಾನೂ ಜೊತೆಗೆ ಬಂದ. ಭಾದ್ರಪದದ ಒಂದು ಬೆಳಿಗ್ಗೆ, ಹೊಸ ಬಡಾವಣೆಯ ಅಗಲ ರಸ್ತೆಗಳಲ್ಲಿ ಹೋದರು. ಮನೆಗಳು ಅಲ್ಲೊಂದು ಇಲ್ಲೊಂದು. ಮಿಕ್ಕಂತೆ ಸೈಟಿನ ಕಲ್ಲು, ಕೆಂಪು ಮಣ್ಣು, ಹೊಸದಾಗಿ ನೆಟ್ಟ ಗಿಡ. ಗಾಡಿ ಬೆಣ್ಣೆಯ ಹಾಗೆ ಹೋಯಿತು. ಅರ್ಧ ಮೈಲಿ, ಮುಕ್ಕಾಲು ಮೈಲಿ. ಬೈರಣ್ಣ ತಿರುಗಿ ನೋಡಿ ನಕ್ಕ. ಅಕ್ಕಯಮ್ಮ ನಗಲಿಲ್ಲ, ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಇಳಿದು, ಬಾಯಿ ಮುಕ್ಕಳಿಸಿ, ಅವಳು ಒಂದು ಸೈಟಿನ ಕಲ್ಲಿನ ಮೇಲೆ ಕೂತಳು. ಮೂವರು ಗಂಡಸರು ಏನು ಮಾಡಬೇಕೆಂದು ತಿಳಿಯದೆ ಕಾರಿನ ಸುತ್ತ ನಿಂತರು. ಅವಳಿಗೆ ಅಳು ಬಂತು. ತಡೆಯಲಿಲ್ಲ.

"ಬರ್ದ್‌ಬಿಡಿ ಅವಳಿಗೆ," ಎಂದಳು. "ಅವ್ವನ ಕೈಲಿ ಆಗಲ್ಲ ಅಂತ ಬರ್ದ್‌ಬಿಡಿ. ದುಡ್ಡು ಯಾಕೆ ಹಾಳ್ ಮಾಡ್ತೀರ."

ಹೊಲ ಹೋದ ದಿನವೂ ಬೈರಣ್ಣನಿಗೆ ಇಷ್ಟು ಸಂಕಟವಾಗಿರಲಿಲ್ಲ. ಮಾತು ತಿರುಗಿಸಬೇಕೆಂದೋ ಏನೋ ಚಕ್ರಪಾಣಿ, ನೀವು ಹುಟ್ಟಿದಾಗಿನಿಂದ ಎಲ್ಲಿಗೂ ಹೋಗಿಯೇ ಇಲ್ಲವೇ ಅಮ್ಮಾ ಎಂದು ಕೇಳಿದ. ಅಕ್ಕಯಮ್ಮ ಮೂಗು ಒರೆಸಿಕೊಂಡು, ಯಾಕೆ ಹೋಗಿಲ್ಲ, ಇಪ್ಪತ್ತೈದು ವರ್ಷ ಶುಕ್ರವಾರ ಶುಕ್ರವಾರ ತರಕಾರಿ ಹೇರಿಕೊಂಡು ಮಾರ್ಕೆಟ್ಟಿಗೆ ಹೋಗಿದ್ದೇನೆ, ಅಂಜನಾಪುರದ ತಂಗಿ ಮನೆಗೆ ಹೋಗಿದ್ದೇನೆ, ಎಲ್ಲ ಎತ್ತಿನ ಗಾಡಿಯಲ್ಲಿ ಎಂದಳು. ಗಾಡಿಯಲ್ಲಿ ಒಂದು ದಿನವೂ ಹೀಗಾಗಿಲ್ಲ. ಅದು ಇದಕ್ಕಿಂತ ಹತ್ತರಷ್ಟು ಕುಲುಕುತ್ತಿತ್ತು.

ಮೂರು ಸವಾರಿಯಲ್ಲೂ ತುಟಿ ಎರಡು ಮಾಡದಿದ್ದ ಡ್ರೈವರ್ ಬೋರಣ್ಣ ಆಗ ಬಾಯಿ ಬಿಟ್ಟ. "ಗಾಡಿ ಹೊಡೀತಿದ್ದೋರು ಯಾರು?"

ಅಕ್ಕಯಮ್ಮ ತಲೆ ತಗ್ಗಿಸಿದಳು. ಬೈರಣ್ಣ ದೂರದ ಗಿಡ ನೋಡಿದ. ಊರಿಗೆಲ್ಲ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಆಡದಿದ್ದ ವಿಷಯ ಅದು. ಎತ್ತು ಹೊಡೆಯಲು ಗಾಡಿಯ ಮುಂದೆ ಮೂಕಿಯ ಹತ್ತಿರ ಕೂತರೆ ಬೈರಣ್ಣನಿಗೆ ಐದು ನಿಮಿಷದಲ್ಲಿ ನಿದ್ದೆ. ಒಂದು ಸಲ ಎತ್ತುಗಳು ಅವನನ್ನು, ಬದನೆಕಾಯಿಯನ್ನು ಒಟ್ಟಿಗೆ ಚರಂಡಿಗೆ ಕೆಡವಿದ ಮೇಲೆ ಹಗ್ಗ ಅಕ್ಕಯಮ್ಮನ ಕೈಗೆ ಬಂತು. ಊರು ದಾಟುವವರೆಗೆ ಅವನು ಹಿಡಿಯುವುದು, ದಾಟಿದ ಮೇಲೆ ಅವಳು. ಇಪ್ಪತ್ತೈದು ವರ್ಷ ಗಂಡನ ಮಾನ ಹಾಗೆ ಕಾದಿದ್ದಳು.

"ಇವಳೇ," ಎಂದ ಬೈರಣ್ಣ.

ಬೋರಣ್ಣ ತಲೆಯಾಡಿಸಿದ. "ಲಾರಿ ಹಿಂದೆ ಕೂತ ಸೋಲ್ಜರುಗಳೆಲ್ಲ ಸಾಲಾಗಿ ವಾಂತಿ ಮಾಡ್ಕೊಂಡಿದ್ದು ನೋಡಿದೀನಿ ಯಜಮಾನ್ರೇ. ಸ್ಟೇರಿಂಗ್ ಹಿಡಿದೋನು ಮಾಡ್ಕೊಂಡಿದ್ದು ನಾನ್ ನೋಡಿಲ್ಲ."

ಆ ಮಾತು ಎಲ್ಲಿಗೆ ಮುಟ್ಟುತ್ತದೆ ಎಂದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ಬೈರಣ್ಣನಿಗೇ. ಊರ ಬೀದಿ ಕಣ್ಣ ಮುಂದೆ ಬಂತು. ಹೆಂಡತಿ ಕಾರು ಓಡಿಸುತ್ತಾಳೆ, ಪಕ್ಕದಲ್ಲಿ ಜರಿ ಪೇಟದ ಗಂಡ! ಅರಳೀಕಟ್ಟೆಯ ಮೇಲೆ ಕೂತವರು ನಕ್ಕು ನಕ್ಕು ಉರುಳುತ್ತಾರೆ. ಎದ್ದು ನಿಲ್ಲುವ ಮಾತಂತೂ ದೂರವೇ ಉಳಿಯಿತು. ಅವನು ಪೇಟ ತೆಗೆದು, ತಲೆ ಕೆರೆದುಕೊಂಡು, ಮತ್ತೆ ಹಾಕಿಕೊಂಡ. ಹೆಂಡತಿಯ ಕೆಂಪಾದ ಕಣ್ಣು ನೋಡಿದ.

"ಏಳು. ಮುಂದ್ಗಡೆ ಹೋಗಿ ಕೂತ್ಕೋ."

"ಜನ ಏನಂತಾರೆ?"

"ಜನ ಕೊಳ್ಳೇಗಾಲಕ್ಕೆ ಬರಲ್ಲ ಕಣೇ. ನೀನು ಹೋಗ್ಬೇಕು."

ಬೋರಣ್ಣ ಪಕ್ಕದಲ್ಲಿ ಕೂತು ಹೇಳಿಕೊಟ್ಟ. ಎಡಗಾಲು ಮಡಚಿ ಇಟ್ಟುಬಿಡಿ, ಅದಕ್ಕೆ ಕೆಲಸವಿಲ್ಲ. ಬಲಗಾಲಿನಲ್ಲಿ ಇದು ಒತ್ತಿದರೆ ಹೋಗುತ್ತದೆ, ಅದು ಒತ್ತಿದರೆ ನಿಲ್ಲುತ್ತದೆ, ಅಷ್ಟೇ. ಅಕ್ಕಯಮ್ಮ ಚಕ್ರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಬಾಯಲ್ಲಿ ಎತ್ತಿಗೆ ಹೇಳುವ ಹಾಗೆ ಏನೋ ಹೇಳಿ ಒತ್ತಿದಳು. ಕಾರು ಒಮ್ಮೆ ಚಂಗನೆ ನೆಗೆಯಿತು. ಹಿಂದೆ ಕೂತಿದ್ದ ಚಕ್ರಪಾಣಿ ಕ್ಯಾಟಲಾಗನ್ನು ಎದೆಗೆ ಅವುಚಿಕೊಂಡ, ಬೈರಣ್ಣ ಅವನನ್ನು ಅವುಚಿಕೊಂಡ. ಆಮೇಲೆ ಗಾಡಿ ಹದಕ್ಕೆ ಬಂತು. ನಿಧಾನವಾಗಿ, ನೆಟ್ಟಗೆ ಹೋಯಿತು. ಒಂದು ಕಡೆ ಅವಳು ಯಾರೂ ಹೇಳದೆಯೇ ಗಾಡಿಯನ್ನು ಎಡಕ್ಕೆ ಸರಿಸಿದಳು. ಯಾಕೆ ಎಂದು ಬೋರಣ್ಣ ಕೇಳಿದ್ದಕ್ಕೆ, ಇಲ್ಲಿ ನಮ್ಮ ಬಾವಿ ಇತ್ತು, ಮುಚ್ಚಿದ ಮಣ್ಣು ಇನ್ನೂ ಕೂತಿರುವುದಿಲ್ಲ ಎಂದಳು. ಬೈರಣ್ಣ ಆಗ ನೋಡಿದ. ಸೈಟಿನ ಕಲ್ಲುಗಳ ನಡುವೆ ಅವನಿಗೆ ಗುರುತು ಸಿಗದಿದ್ದ ತನ್ನದೇ ಹೊಲ ಅದು.

ನಾಲ್ಕು ಸುತ್ತು ಹೋದರು. ಐದನೆಯ ಸುತ್ತಿಗೆ ಅವಳೇ ಹೋಗೋಣ ಎಂದಳು. ಮುಖದಲ್ಲಿ ಬೆವರಿತ್ತು, ಬಣ್ಣವೂ ಇತ್ತು.

ವ್ಯಾಪಾರ ಕುದುರಿದ್ದು ಮಾರನೆಯ ದಿನ. ಬೈರಣ್ಣ ಚಕ್ರಪಾಣಿಯ ಎದುರು ಕೂತು, ಬರೆಸಿದ್ದನ್ನೆಲ್ಲ ಒಂದೊಂದಾಗಿ ಹೊಡೆಸಿಹಾಕಿದ. ಚರ್ಮದ ಸೀಟು ಬೇಡ, ವಾಸನೆ. ರೇಡಿಯೋ ಬೇಡ, ಅವಳ ಗಮನ ಹಾಳು. ಬಿಳಿ ಅಂಚು ಯಾವನಿಗೆ ಬೇಕು, ಕೆಂಪು ಮಣ್ಣಲ್ಲಿ ಒಂದು ದಿನ ನಿಲ್ಲುತ್ತದೆಯೇ? ಪರದೆ ಬೇಡವೇ ಬೇಡ, ಆ ಸಾಲನ್ನು ಎರಡು ಸಲ ಹೊಡೆಯಿರಿ ಎಂದ. ಮುಂದಿನ ಸೀಟನ್ನು ನಾಲ್ಕಂಗುಲ ಎತ್ತರಿಸಿ ಕೊಡಬೇಕು, ಅದಕ್ಕೆ ಎಷ್ಟು ಎಂದು ಕೇಳಿದ. ಆ ಬಾಬತ್ತು ಕ್ಯಾಟಲಾಗಿನಲ್ಲಿ ಇರಲಿಲ್ಲ. ಚಕ್ರಪಾಣಿ ಮ್ಯಾನೇಜರ ಕೋಣೆಗೆ ಹೋಗಿ ಬಂದು, ಅದು ಕಂಪನಿಯ ಖರ್ಚು ಎಂದ. ಹೋದ ಕಮಿಷನ್ನಿನ ಬಗ್ಗೆ ಅವನಿಗೆ ಬೇಸರವಿರಲಿಲ್ಲ ಎಂದರೆ ತಪ್ಪಾದೀತು, ಸ್ವಲ್ಪ ಇತ್ತು. ಆದರೂ ಅವನು ಆ ಗಿರಾಕಿಯನ್ನು ಬಾಗಿಲಿನವರೆಗೆ ಬಿಟ್ಟುಬಂದ.

ಮುಂದಿನ ಎರಡು ತಿಂಗಳು ಬೈರಸಂದ್ರಕ್ಕೆ ಬೇರೆ ಮಾತೇ ಇರಲಿಲ್ಲ. ಅರಳೀಕಟ್ಟೆಯವರು ನಕ್ಕರು, ಬೈರಣ್ಣ ಎಣಿಸಿದ್ದಕ್ಕಿಂತ ಹೆಚ್ಚೇ ನಕ್ಕರು. ಅವನ ಅತ್ತಿಗೆ ಮುನಿಲಕ್ಷ್ಮಮ್ಮ ಮನೆಗೇ ಬಂದು, ಮನೆತನದ ಮರ್ಯಾದೆ ಬೀದಿಪಾಲಾಯಿತು ಎಂದು ಎದೆ ಬಡಿದುಕೊಂಡಳು. ಬೈರಣ್ಣನಿಗೆ ಮೊದಮೊದಲು ಉರಿಯಿತು. ಊರೊಳಗೆ ಹೋಗುವಾಗ ಪೇಟವನ್ನು ಹುಬ್ಬಿನವರೆಗೆ ಎಳೆದುಕೊಂಡು ಕೂರುತ್ತಿದ್ದ. ಒಂದು ದಿನ ಅಕ್ಕಯಮ್ಮ, ಬೇಕಾದರೆ ಊರು ದಾಟುವವರೆಗೆ ಕಲಿಸಲು ಬರುವ ಬೋರಣ್ಣನೇ ಓಡಿಸಲಿ, ಆಮೇಲೆ ನಾನು ಹಿಡಿಯುತ್ತೇನೆ ಎಂದಳು. ಅವಳು ಹಾಗೆ ಅಂದದ್ದೇ ಅವನಿಗೆ ಸಾಕಾಯಿತು. ಇಷ್ಟು ವರ್ಷ ಮುಚ್ಚಿಟ್ಟದ್ದು ಸಾಲದೇ ಎಂದು ರೇಗಿ, ಪೇಟ ಹಿಂದಕ್ಕೆ ಸರಿಸಿ ಕೂತ. ಲೈಸೆನ್ಸು ಕೊಡುವ ಇನ್‌ಸ್ಪೆಕ್ಟರು ಅವಳ ಕೈಲಿ ಮೂರು ಸಲ ಗಾಡಿ ಓಡಿಸಿ ನೋಡಿದರು. ತಪ್ಪು ಸಿಗದೆ ನಾಲ್ಕನೆಯ ಸಲಕ್ಕೆ ಸಹಿ ಹಾಕಿದರು.

ದೀಪಾವಳಿ ಕಳೆದ ಮೂರನೆಯ ದಿನ ಕೋಳಿ ಕೂಗುವ ಹೊತ್ತಿಗೆ ಹೊರಟರು. ಅಕ್ಕಯಮ್ಮ ಚಕ್ರದ ಮುಂದೆ, ಪಕ್ಕದಲ್ಲಿ ಬೈರಣ್ಣ. ಟೈರು ಪಂಚರಾದರೆ ಇರಲಿ ಎಂದು ದಿನಗೂಲಿಗೆ ಕರೆದಿದ್ದ ಬೋರಣ್ಣ ಹಿಂದಿನ ಸೀಟಿನಲ್ಲಿ, ಜಮೀನ್ದಾರನ ಹಾಗೆ, ಬಾಣಂತಿಯ ಸಾಮಾನಿನ ಬುಟ್ಟಿಗಳ ನಡುವೆ. ತಲಘಟ್ಟಪುರ ಬಂದಾಗ ಬೈರಣ್ಣ ಉಸಿರು ಬಿಗಿಹಿಡಿದ. ಅವಳು ಆ ಹುಣಸೇಮರದ ಕಡೆ ತಿರುಗಿಯೂ ನೋಡಲಿಲ್ಲ. ಎದುರಿಗೆ ಕುರಿ ಹಿಂಡು ಬರುತ್ತಿತ್ತು. ಕನಕಪುರ ದಾಟಿತು, ಮಳವಳ್ಳಿ ದಾಟಿತು. ತೊಂಬತ್ತೈದು ಮೈಲಿ ವೇಗದ ಗಾಡಿಯನ್ನು ಅವಳು ಇಪ್ಪತ್ತಕ್ಕಿಂತ ಮೇಲೆ ಬಿಡಲಿಲ್ಲ. ದಾರಿಯಲ್ಲಿ ಭಯಕ್ಕೆ ಒಂದು ತೊಟ್ಟು ಕಾಫಿಯನ್ನೂ ಬಾಯಿಗೆ ಹಾಕಲಿಲ್ಲ. ಶಿವನಸಮುದ್ರದ ಹತ್ತಿರ ಕಾವೇರಿ ಕಂಡಾಗ ಬೈರಣ್ಣ ಕೈ ಮುಗಿದ. ಅವಳು, ಕೈ ಬಿಡೋಕಾಗಲ್ಲ, ನನ್ನ ಪಾಲಿಂದೂ ನೀವೇ ಮುಗಿದುಬಿಡಿ ಎಂದಳು.

ಕೊಳ್ಳೇಗಾಲದ ಮನೆಯ ಮುಂದೆ ಕಾರು ನಿಂತಾಗ ಮಧ್ಯಾಹ್ನ ಒಂದು ಗಂಟೆ. ಹಾರನ್ನು ಕೇಳಿ ಅಮ್ಮಣ್ಣಿ ಹೊಟ್ಟೆಗೆ ಕೈಕೊಟ್ಟು ಬಾಗಿಲಿಗೆ ಬಂದಳು. ಅವ್ವ ಬಂದಿದ್ದರೆ ಹಿಂದೆ ಮಲಗಿರುತ್ತಾಳೆ, ಅರೆಜೀವವಾಗಿರುತ್ತಾಳೆ ಎಂದು ಅವಳ ಕಣ್ಣು ಹಿಂದಿನ ಕಿಟಕಿಗೆ ಹೋಯಿತು. ಅಲ್ಲಿ ಯಾರೋ ಮೀಸೆಯವನು ಬುಟ್ಟಿ ಅಪ್ಪಿಕೊಂಡಿದ್ದ. ಹುಡುಗಿಯ ಮುಖ ಇಳಿದುಹೋಯಿತು.

ಆಮೇಲೆ ಬಲಗಡೆಯ ಮುಂದಿನ ಬಾಗಿಲು ತೆರೆಯಿತು. ಅಕ್ಕಯಮ್ಮ ಇಳಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಧೂಳಿನಲ್ಲಿ ಹುಬ್ಬೆಲ್ಲ ಕೆಂಪಾಗಿತ್ತು, ಕಾಲು ನೆಲದ ಮೇಲೆ ಗಟ್ಟಿಯಾಗಿ ನಿಂತಿತ್ತು. ಮಗಳ ಹತ್ತಿರ ಹೋಗಿ, ಊದಿದ ಪಾದ ನೋಡಿದಳು, ಕೆನ್ನೆ ಸವರಿದಳು. ಅಮ್ಮಣ್ಣಿ ಅವ್ವನ ಹೆಗಲಿಗೆ ಮುಖವಿಟ್ಟು ಅತ್ತಳು. ನೀನು ಹೇಗೆ ಬಂದೆ, ತಲೆ ಸುತ್ತಲಿಲ್ಲವಾ, ಮಲಗುತ್ತೀಯಾ, ನೀರು ಕೊಡಲಾ ಎಂದು ಅಳುತ್ತಲೇ ಕೇಳಿದಳು.

"ಮಲಗೋದು ಆಮೇಲೆ," ಎಂದಳು ಅಕ್ಕಯಮ್ಮ. "ಹೊಟ್ಟೆ ಹಸೀತದೆ ಕಣೇ. ಏನ್ ಮಾಡಿದೀಯ, ಬಡಿಸು."

ಬುಟ್ಟಿ ಇಳಿಸುತ್ತಿದ್ದ ಬೈರಣ್ಣ ಅದನ್ನು ಕೇಳಿದ. ಬುಟ್ಟಿಯನ್ನು ನೆಲಕ್ಕಿಟ್ಟು, ಕಾರಿನ ಬಾಗಿಲಿಗೆ ಒರಗಿ, ಅಳಿಯ ನೋಡುತ್ತಿದ್ದಾನೆ ಎಂಬುದನ್ನೂ ಮರೆತು ಕಣ್ಣು ಒರೆಸಿಕೊಂಡ.